ಕಸ ಅಂತ ಎಸೆದಿದ್ದ ರಕ್ತದ ಕಥೆ

"ಕಸ ಬಿತ್ತೇನೋ?"

ಊರಲ್ಲಿ ಹಸು ಕರು ಹಾಕಿದ ದಿನ ಅಜ್ಜಿ ಕೊಟ್ಟಿಗೆ ಕಡೆ ನೋಡಿ ಮತ್ತೆ ಮತ್ತೆ ಕೇಳುತ್ತಿದ್ದ ಪ್ರಶ್ನೆ ಇದು. ಕರು ಎದ್ದು ನಿಂತಿದ್ದರೂ, ಹಾಲು ಕುಡಿದಿದ್ದರೂ, ಕಸ ಬೀಳುವ ತನಕ ಅವಳಿಗೆ ಸಮಾಧಾನ ಇರುತ್ತಿರಲಿಲ್ಲ. ಮನುಷ್ಯರ ಹೆರಿಗೆಗೂ ನಮ್ಮ ಮನೆಯಲ್ಲಿ ಅದೇ ಪದ. ಕೆಲವು ಕಡೆ ಮಾಸು ಅಂತಾರೆ, ಪುಸ್ತಕದಲ್ಲಿ ಜರಾಯು ಅಂತ ಬರೀತಾರೆ. ಒಂಬತ್ತು ತಿಂಗಳು ಮಗುವಿಗೆ ಅನ್ನ, ನೀರು, ಉಸಿರು ಎಲ್ಲ ಕೊಟ್ಟ ಅಂಗಕ್ಕೆ ಕೊನೆಗೆ ಸಿಕ್ಕಿದ ಹೆಸರು ಕಸ! ಮನೆಯಲ್ಲೇ ಹೆರಿಗೆಯಾಗುತ್ತಿದ್ದ ಕಾಲದಲ್ಲಿ ಹಿತ್ತಲಲ್ಲಿ ಗುಂಡಿ ತೋಡಿ ಹೂಳುತ್ತಿದ್ದರಂತೆ. ಈಗ ಆಸ್ಪತ್ರೆಯ ಹಳದಿ ಚೀಲಕ್ಕೆ ಹೋಗುತ್ತದೆ.

ಈ ಪದ ಮತ್ತೆ ನೆನಪಾಗಿದ್ದು ಕಳೆದ ತಿಂಗಳು. ಅಕ್ಕ ಹೆರಿಗೆಗೆ ತವರಿಗೆ ಬಂದಿದ್ದಾಳೆ. ಭಾವನಿಗೆ ರಜೆ ಸಿಗದ ಕಾರಣ ಚೆಕಪ್ಪಿಗೆ ನಾನೇ ಕರೆದುಕೊಂಡು ಹೋಗಿದ್ದೆ. ಡಾಕ್ಟರು ಇನ್ನೂ ಬಂದಿರಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ ಟೈ ಕಟ್ಟಿಕೊಂಡ ಒಬ್ಬ ಹುಡುಗ ಬಂದು, ಮಿರಮಿರ ಮಿಂಚುವ ಬ್ರೋಷರ್ ಒಂದನ್ನು ಅಕ್ಕನ ಕೈಗಿಟ್ಟ. ಮಗುವಿನ ಹೊಕ್ಕುಳಬಳ್ಳಿಯ ರಕ್ತವನ್ನು ಎಪ್ಪತ್ತೈದು ವರ್ಷ ಕಾಪಾಡಿ ಇಡುತ್ತಾರಂತೆ. ಕ್ಯಾನ್ಸರ್‌ನಿಂದ ಹಿಡಿದು ಸಕ್ಕರೆ ಕಾಯಿಲೆ ತನಕ ಒಂದು ದೊಡ್ಡ ಪಟ್ಟಿ. ಅರ್ಧ ಲಕ್ಷಕ್ಕೆ ಮೀರಿದ ಮೊತ್ತ. ಕಂತಿನಲ್ಲೂ ಕಟ್ಟಬಹುದು. "ಮಗು ಭವಿಷ್ಯದ ವಿಷಯ ಮೇಡಂ, ಒಂದೇ ಸಲ ಸಿಗೋ ಚಾನ್ಸು" ಅಂದ.

ಅಕ್ಕ ಪೂರ್ತಿ ಕೇಳಿಸಿಕೊಂಡು, "ಇದನ್ನ ಬೇರೆ ಯಾರಿಗಾದ್ರೂ ಕೊಡಬಹುದಾ? ರಕ್ತದಾನ ಮಾಡ್ತೀವಲ್ಲ, ಆ ಥರ?" ಅಂತ ಕೇಳಿದಳು.

ಹುಡುಗ ಒಂದು ಕ್ಷಣ ತಡವರಿಸಿದ. "ಆ ಆಪ್ಷನ್ ನಮ್ಮಲ್ಲಿಲ್ಲ ಮೇಡಂ."

ಮನೆಗೆ ಬರುವ ದಾರಿಯಲ್ಲಿ ಅಕ್ಕ, "ಲೋ, ನೀನು ದಿನವಿಡೀ ಕಂಪ್ಯೂಟರ್ ಮುಂದೆ ಕೂತಿರ್ತೀಯಲ್ಲ, ಹುಡುಕಿ ಹೇಳೋ" ಅಂದಳು. ಆವತ್ತು ರಾತ್ರಿ ಶುರುಮಾಡಿದ್ದು, ನಾಲ್ಕೈದು ವಾರಾಂತ್ಯ ತಿಂದುಹಾಕಿತು. ಓದುತ್ತಾ ಹೋದ ಹಾಗೆ ಒಂದು ವಿಷಯ ಕಾಡತೊಡಗಿತು. ಈ ಇತಿಹಾಸದಲ್ಲಿ ವಿಜ್ಞಾನಿಗಳಿದ್ದಾರೆ, ಕಂಪನಿಗಳಿವೆ, ಪೇಟೆಂಟ್ ಜಗಳ ಇದೆ, ಕಾನೂನುಗಳಿವೆ. ರಕ್ತ ಯಾರ ಮೈಯಿಂದ ಬರುತ್ತದೋ ಆ ಬಸುರಿಗೆ ವಿಷಯ ತಿಳಿಸುವ ಕೆಲಸ ಮಾತ್ರ ಯಾವಾಗಲೂ ಕೊನೆಗೆ ಬರುತ್ತದೆ.

*

ಮೊದಲು ಒಂಚೂರು ಹಿನ್ನೆಲೆ. ನಮ್ಮ ರಕ್ತದ ಕಣಗಳೆಲ್ಲ ತಯಾರಾಗುವುದು ಮೂಳೆಯೊಳಗಿನ ಅಸ್ಥಿಮಜ್ಜೆಯಲ್ಲಿ. ಅಲ್ಲಿರುವ ಕಾಂಡಕೋಶಗಳು (ಸ್ಟೆಮ್ ಸೆಲ್ ಅಂತ ಎಲ್ಲರಿಗೂ ಗೊತ್ತಿರೋ ಪದ) ಒಂದೇ ಸಮನೆ ಕೆಂಪು, ಬಿಳಿ ಕಣಗಳನ್ನೂ ಪ್ಲೇಟ್‌ಲೆಟ್‌ಗಳನ್ನೂ ಹುಟ್ಟಿಸುತ್ತಿರುತ್ತವೆ. ಈ ಕಾರ್ಖಾನೆಯೇ ಕೆಟ್ಟರೆ ಬೇರೆಯವರ ಮಜ್ಜೆ ತಂದು ಹಾಕಬೇಕು. ಅಮೆರಿಕದ ಡೊನಾಲ್ ಥಾಮಸ್ 1957ರಲ್ಲಿ ಇದರ ಮೊದಲ ಪ್ರಯತ್ನಗಳನ್ನು ಪ್ರಕಟಿಸಿದರು. ಅವರಿಗೆ ನೊಬೆಲ್ ಸಿಕ್ಕಿದ್ದು 1990ರಲ್ಲಿ. ನಡುವಿನ ಮೂವತ್ತು ಚಿಲ್ಲರೆ ವರ್ಷಗಳ ತೊಂದರೆಗೆಲ್ಲ ಹೊಂದಾಣಿಕೆಯೇ ಮುಖ್ಯ ಕಾರಣ. ಜೀವಕೋಶಗಳ ಮೇಲೆ ಎಚ್‌ಎಲ್‌ಎ ಎಂಬ ಗುರುತಿನ ಚೀಟಿಗಳಿರುತ್ತವೆ. ಅವು ಹೊಂದದಿದ್ದರೆ ಒಂದೋ ರೋಗಿಯ ದೇಹ ಹೊಸ ಕೋಶಗಳನ್ನು ಹೊರಗೆ ಹಾಕುತ್ತದೆ, ಇಲ್ಲವೇ ಹೊಸ ಕೋಶಗಳೇ ರೋಗಿಯ ದೇಹದ ಮೇಲೆ ಯುದ್ಧ ಸಾರುತ್ತವೆ. ಒಡಹುಟ್ಟಿದವರಲ್ಲಿ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು.

ಹೊಕ್ಕುಳಬಳ್ಳಿಯ ರಕ್ತದ ಮೇಲೆ ಡಾಕ್ಟರುಗಳ ಕಣ್ಣು ಬಿದ್ದಿದ್ದು ಇದಕ್ಕೂ ಮುಂಚೆ. 1939ರಲ್ಲೇ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಹಾಲ್ಬ್ರೆಕ್ಟ್ ಎಂಬ ವೈದ್ಯರು ಕಸದಲ್ಲಿ ಉಳಿದ ರಕ್ತವನ್ನು ಬೇರೆಯವರಿಗೆ ಕೊಡುವ ಬಗ್ಗೆ ಬರೆದಿದ್ದರು. ಅವರ ಮಟ್ಟಿಗೆ ಅದು ಬರೀ ರಕ್ತ, ಅಷ್ಟೇ. ಆಮೇಲೆ ಫ್ರಾನ್ಸಿನ ಮೆರಿಯೂ ಸಂಸ್ಥೆ ಎಷ್ಟೋ ದೇಶಗಳ ಹೆರಿಗೆ ಆಸ್ಪತ್ರೆಗಳಿಂದ ಕಸ ತರಿಸಿಕೊಂಡು ಅದರಿಂದ ಅಲ್ಬುಮಿನ್, ಗಾಮಾ ಗ್ಲೋಬ್ಯುಲಿನ್ ಔಷಧಿಗಳನ್ನು ತಯಾರಿಸುತ್ತಿತ್ತು. ನಾವು ಹಿತ್ತಲಲ್ಲಿ ಹೂಳುತ್ತಿದ್ದ ವಸ್ತು ಅಲ್ಲಿ ಕಾರ್ಖಾನೆಯ ಕಚ್ಚಾ ಮಾಲು!

1970ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ನಾರ್ಮನ್ ಎಂಡೆ, ಮಿಲ್ಟನ್ ಎಂಡೆ ಎಂಬ ಅಣ್ಣತಮ್ಮ ವೈದ್ಯರು ರಕ್ತದ ಕ್ಯಾನ್ಸರ್ ಇದ್ದ 16 ವರ್ಷದ ಹುಡುಗನಿಗೆ ಎಂಟು ಶಿಶುಗಳ ಹೊಕ್ಕುಳಬಳ್ಳಿ ರಕ್ತ ಕೊಟ್ಟರು. ಹುಡುಗನ ರಕ್ತದಲ್ಲಿ ಸ್ವಲ್ಪ ಕಾಲ ಹೊರಗಿನ ಕಣಗಳು ಕಾಣಿಸಿಕೊಂಡು ಮಾಯವಾದವು. 1972ರಲ್ಲಿ ರಾಜ್ಯಮಟ್ಟದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದರು. ಹೆಚ್ಚು ಜನ ಗಮನಿಸಲಿಲ್ಲ. ದೊಡ್ಡ ಪತ್ರಿಕೆಯಲ್ಲಿ ಬಂದಿದ್ದರೆ ಈ ಕಥೆ ಹದಿನೈದು ವರ್ಷ ಮುಂಚೆಯೇ ಶುರುವಾಗುತ್ತಿತ್ತೇನೋ ಅಂತ ನನಗನ್ನಿಸಿತು.

*

ನಿಜವಾದ ಶುರು 1988ರ ಅಕ್ಟೋಬರ್ 6. ಜಾಗ ಪ್ಯಾರಿಸ್ಸಿನ ಸೇಂಟ್ ಲೂಯಿ ಆಸ್ಪತ್ರೆ.

ರೋಗಿ ಅಮೆರಿಕದ ನಾರ್ತ್ ಕೆರೊಲಿನಾದ ಐದು ವರ್ಷದ ಹುಡುಗ. ಅವನಿಗಿದ್ದದ್ದು ಫ್ಯಾಂಕೋನಿ ಅನೀಮಿಯಾ ಎಂಬ ಆನುವಂಶಿಕ ಕಾಯಿಲೆ. ಮಜ್ಜೆ ಕ್ರಮೇಣ ಬತ್ತಿಹೋಗುತ್ತದೆ. ಅವನನ್ನು ನೋಡುತ್ತಿದ್ದದ್ದು ಡ್ಯೂಕ್ ವಿಶ್ವವಿದ್ಯಾಲಯದ ಮಕ್ಕಳ ವೈದ್ಯೆ ಜೊವಾನ್ ಕರ್ಟ್ಸ್‌ಬರ್ಗ್. ಹುಡುಗನ ತಾಯಿ ಮತ್ತೆ ಬಸುರಿಯಾದಾಗ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ಅರ್ಲೀನ್ ಆವರ್‌ಬಾಕ್ ಗರ್ಭದಲ್ಲೇ ಪರೀಕ್ಷೆ ಮಾಡಿದರು. ಮಗುವಿಗೆ ಕಾಯಿಲೆ ಇಲ್ಲ. ಜೊತೆಗೆ ಅಣ್ಣನ ಜೊತೆ ಎಚ್‌ಎಲ್‌ಎ ಪೂರ್ತಿ ಹೊಂದುತ್ತದೆ! ನಾಲ್ಕರಲ್ಲಿ ಒಂದರ ಆ ಅದೃಷ್ಟ.

ಹುಟ್ಟಿದ ಕೂಸಿನ ಮೂಳೆಗೆ ಸೂಜಿ ಚುಚ್ಚಿ ಮಜ್ಜೆ ತೆಗೆಯುವುದಕ್ಕಿಂತ ಬೇರೆ ದಾರಿ ಇದೆ ಎಂದು ಹೇಳಿದ್ದು ನ್ಯೂಯಾರ್ಕಿನ ಎಡ್ವರ್ಡ್ ಬಾಯ್ಸ್. ಹೊಕ್ಕುಳಬಳ್ಳಿಯ ರಕ್ತದಲ್ಲೇ ಕಾಂಡಕೋಶಗಳು ಹೇರಳವಾಗಿವೆ, ಅದನ್ನೇ ಬಳಸಬಹುದು ಎನ್ನುವುದು ಅವರ ಯೋಚನೆ. ಇಂಡಿಯಾನಾದ ಹಾಲ್ ಬ್ರಾಕ್ಸ್‌ಮೈಯರ್ ನೂರಕ್ಕೂ ಹೆಚ್ಚು ಹೆರಿಗೆಗಳ ರಕ್ತ ತರಿಸಿ, ಕೋಶಗಳನ್ನು ಎಣಿಸಿ, ಹೆಪ್ಪುಗಟ್ಟಿಸಿ, ಮತ್ತೆ ಕರಗಿಸಿ ಬದುಕಿವೆಯೇ ಎಂದು ನೋಡಿದ್ದರು. ತಂಗಿ ಹುಟ್ಟಿದಾಗ ಅವಳ ಹೊಕ್ಕುಳಬಳ್ಳಿ ರಕ್ತ ಅವರ ಪ್ರಯೋಗಾಲಯದ ದ್ರವ ಸಾರಜನಕದೊಳಗೆ ಹೋಯಿತು, ಮೈನಸ್ 196 ಡಿಗ್ರಿಯಲ್ಲಿ. ಆಮೇಲೆ ಅದನ್ನು ಪ್ಯಾರಿಸ್ಸಿಗೆ ಒಯ್ದವರೂ ಅವರೇ.

ಅಮೆರಿಕ ಬಿಟ್ಟು ಪ್ಯಾರಿಸ್ ಯಾಕೆ? ಫ್ಯಾಂಕೋನಿ ಮಕ್ಕಳ ಕೋಶಗಳು ಕೀಮೋ, ವಿಕಿರಣವನ್ನು ತಡೆಯುವುದಿಲ್ಲ. ಕಸಿಗೆ ಮುಂಚೆ ಹಳೇ ಮಜ್ಜೆಯನ್ನು ತೆಗೆದುಹಾಕಲು ಮಾಮೂಲಿ ಪ್ರಮಾಣದ ಔಷಧಿ ಕೊಟ್ಟರೆ ಮಗುವೇ ಉಳಿಯುವುದಿಲ್ಲ. ಕಡಿಮೆ ಪ್ರಮಾಣದ ಚಿಕಿತ್ಸೆಯನ್ನು ರೂಪಿಸಿದ್ದವರು ಸೇಂಟ್ ಲೂಯಿಯ ಎಲಿಯಾನ್ ಗ್ಲುಕ್‌ಮನ್. ಕಸಿ ಮಾಡಿದವರೂ ಅವರೇ. ಹುಡುಗನ ರಕ್ತ ಪೂರ್ತಿಯಾಗಿ ತಂಗಿಯ ಕೋಶಗಳಿಂದ ತಯಾರಾಗತೊಡಗಿತು. 1989ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್‌ನಲ್ಲಿ ವರದಿ ಬಂತು. ಮೂವತ್ತು ವರ್ಷದ ನಂತರವೂ ಆ ಹುಡುಗ (ಹುಡುಗ ಎಲ್ಲಿ, ಗಂಡಸಾಗಿದ್ದ!) ಆರೋಗ್ಯವಾಗಿಯೇ ಇದ್ದ.

ಈ ಮೊದಲ ಕಥೆಯಲ್ಲಿ ತಾಯಿಗೆ ಎಲ್ಲವೂ ಗೊತ್ತಿತ್ತು. ಏನು ತೆಗೆಯುತ್ತಾರೆ, ಯಾಕೆ, ಯಾರಿಗೆ ಎಂಬುದು ಹೆರಿಗೆಗೆ ತಿಂಗಳುಗಳ ಮುಂಚೆಯೇ ಗೊತ್ತು. ಅವಳೂ ಆ ತಂಡದ ಒಬ್ಬಳು ಅನ್ನಬಹುದು. ಮುಂದಿನ ಹೆಜ್ಜೆಯಲ್ಲಿ ಇದೇ ತಪ್ಪಿಹೋಯಿತು.

*

ಎಲ್ಲರಿಗೂ ಹೊಂದುವ ತಂಗಿ ಹುಟ್ಟುವುದಿಲ್ಲವಲ್ಲ. ನ್ಯೂಯಾರ್ಕ್ ರಕ್ತಕೇಂದ್ರದ ಪಾಬ್ಲೋ ರೂಬಿನ್‌ಸ್ಟೈನ್ 1992ರಲ್ಲಿ ಜಗತ್ತಿನ ಮೊದಲ ಸಾರ್ವಜನಿಕ ಹೊಕ್ಕುಳಬಳ್ಳಿ ರಕ್ತ ಬ್ಯಾಂಕ್ ಶುರುಮಾಡಿದರು. ಯಾರದೋ ಮಗುವಿನ ರಕ್ತ, ಯಾರಿಗೆ ಹೊಂದುತ್ತದೋ ಅವರಿಗೆ. 1993ರಲ್ಲಿ ಡ್ಯೂಕ್‌ನ ಕರ್ಟ್ಸ್‌ಬರ್ಗ್ ಸಂಬಂಧಿಕರಲ್ಲದವರ ಹೊಕ್ಕುಳಬಳ್ಳಿ ರಕ್ತದಿಂದ ಮೊದಲ ಕಸಿ ಮಾಡಿದರು. ಇಟಲಿಯ ಮಿಲಾನ್, ಜರ್ಮನಿಯ ಡ್ಯುಸೆಲ್‌ಡಾರ್ಫ್‌ನಲ್ಲೂ ಬ್ಯಾಂಕುಗಳು ಎದ್ದವು. 1998ರ ಹೊತ್ತಿಗೆ ರೂಬಿನ್‌ಸ್ಟೈನ್ ಒಂದೇ ಲೇಖನದಲ್ಲಿ 562 ಕಸಿಗಳ ಲೆಕ್ಕ ಕೊಟ್ಟರು.

ಈ ರಕ್ತದ ಒಂದು ವಿಶೇಷ ಏನೆಂದರೆ, ಇದರ ಕೋಶಗಳು ಇನ್ನೂ ಎಳೆಯವು. ಜಗಳಗಂಟತನ ಕಲಿತಿರುವುದಿಲ್ಲ. ಹೀಗಾಗಿ ಎಚ್‌ಎಲ್‌ಎ ಒಂದೆರಡು ಕಡೆ ಹೊಂದದಿದ್ದರೂ ನಡೆಯುತ್ತದೆ. ದಾನಿಗಳ ಪಟ್ಟಿಯಲ್ಲಿ ತಮ್ಮವರು ಕಡಿಮೆ ಇರುವ ಜನಾಂಗಗಳಿಗೆ ಇದು ದೊಡ್ಡ ವಿಷಯ. 2014ರ ಒಂದು ಅಮೆರಿಕನ್ ಅಧ್ಯಯನದ ಪ್ರಕಾರ ಅಲ್ಲಿನ ಮಜ್ಜೆ ದಾನಿಗಳ ಪಟ್ಟಿಯಲ್ಲಿ ಪೂರ್ತಿ ಹೊಂದುವ ದಾನಿ ಇರುವ ಸಾಧ್ಯತೆ ಯುರೋಪಿಯನ್ ಮೂಲದ ಬಿಳಿಯರಿಗೆ ಶೇ. 75, ದಕ್ಷಿಣ ಮತ್ತು ಮಧ್ಯ ಅಮೆರಿಕ ಮೂಲದ ಕರಿಯರಿಗೆ ಶೇ. 16. ಇದು ಬರೀ ಅಂಕಿ ಅಲ್ಲ. ಎರಡು ಮಕ್ಕಳಿಗೆ ಒಂದೇ ಕಾಯಿಲೆ ಬಂದರೆ ಒಂದಕ್ಕೆ ದಾನಿ ಇದ್ದಾನೆ, ಇನ್ನೊಂದಕ್ಕೆ ಇಲ್ಲ ಅಂತ.

ಇನ್ನು ಒಪ್ಪಿಗೆಯ ಮಾತು. ನ್ಯೂಯಾರ್ಕಿನಲ್ಲಿ ಆರಂಭದ ವರ್ಷಗಳಲ್ಲಿ ಹೆರಿಗೆ ಮುಗಿದ ಮೇಲೆ, ಬೇರೆ ಕೋಣೆಯಲ್ಲಿ, ಕಸದಿಂದ ರಕ್ತ ತೆಗೆದುಕೊಳ್ಳುತ್ತಿದ್ದರು. ಇಟ್ಟುಕೊಳ್ಳಲೇ ಎಂದು ತಾಯಿಯನ್ನು ಕೇಳುತ್ತಿದ್ದದ್ದು ಆಮೇಲೆ. ಹೇಗೂ ಎಸೆಯುವ ವಸ್ತು, ಮುಂಚೆಯೇ ಕೇಳುವುದು ಯಾಕೆ ಎಂಬ ತರ್ಕ. ನೋಡಿ, ನಮ್ಮಜ್ಜಿಯ 'ಕಸ' ಎಂಬ ಪದ ನ್ಯೂಯಾರ್ಕಿನಲ್ಲೂ ಎಷ್ಟು ಕೆಲಸ ಮಾಡಿದೆ! ರೂಬಿನ್‌ಸ್ಟೈನ್ ಅವರನ್ನು ನಾನು ದೂರುತ್ತಿಲ್ಲ, ಸಾವಿರಾರು ಮಕ್ಕಳು ಆ ಬ್ಯಾಂಕಿನಿಂದ ಬದುಕಿದ್ದಾರೆ. ಆದರೆ ಆ ರಕ್ತ ಬರೀ ರಕ್ತವಲ್ಲ. ಬ್ಯಾಂಕಿನಲ್ಲಿಡಲು ತಾಯಿಯ ರಕ್ತವನ್ನೂ ಎಚ್‌ಐವಿ, ಹೆಪಟೈಟಿಸ್‌ಗೆ ಪರೀಕ್ಷಿಸಬೇಕು. ಮನೆತನದಲ್ಲಿ ಏನೇನು ಕಾಯಿಲೆಗಳಿವೆ ಅಂತ ಕೇಳಬೇಕು. ಏನಾದರೂ ಸಿಕ್ಕರೆ ಅವಳಿಗೆ ಹೇಳಬೇಕೋ ಬೇಡವೋ? ಕಸಿಗೆ ಸಾಲದಷ್ಟು ರಕ್ತ ಬಂದರೆ ಸಂಶೋಧನೆಗೆ ಬಳಸಬಹುದೋ? ಇದನ್ನೆಲ್ಲ ನೋವು ತಿಂದು, ಮಗು ಎತ್ತಿಕೊಂಡು ಸುಸ್ತಾಗಿ ಮಲಗಿದವಳ ಮುಂದೆ ಫಾರಂ ಹಿಡಿದು ಕೇಳುವುದೇ? ಇನ್ನು ನೋವು ಶುರುವಾದ ಮೇಲೆ, ನಡುವೆ ಕೇಳಿದರಂತೂ ದೇವರೇ ಗತಿ. ಆಗ ಆಸ್ತಿ ಬರೆದುಕೊಡು ಅಂದರೂ ಸಹಿ ಹಾಕಿಬಿಡುತ್ತಾರೆ.

1997ರಲ್ಲಿ ಜೆರೆಮಿ ಶುಗರ್‌ಮನ್ ಮತ್ತು ಜೊತೆಗಾರರ ಒಂದು ಕಾರ್ಯತಂಡ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಈ ವಿಷಯವಾಗಿ ಒಂದು ಲೇಖನ ಬರೆಯಿತು. ಅದರಲ್ಲಿ ಆರು ತೀರ್ಮಾನಗಳಿದ್ದವು. ನನಗೆ ಮುಖ್ಯ ಅನ್ನಿಸಿದ್ದು ಎರಡು. ಒಂದು, ಒಪ್ಪಿಗೆ ಕೇಳುವ ಕೆಲಸ ಹೆರಿಗೆ ನೋವಿಗೆ ಮುಂಚೆಯೇ ಶುರುವಾಗಬೇಕು. ಎರಡು, ಖಾಸಗಿ ಬ್ಯಾಂಕುಗಳ ಮಾರಾಟದ ರೀತಿಯ ಮೇಲೆ ಕಣ್ಣಿಡಬೇಕು. ಆ ಬೆಂಚಿನ ಮೇಲೆ ಕೂತಿದ್ದ ಅಕ್ಕನ ಕಥೆಯನ್ನು ಇಷ್ಟು ವರ್ಷ ಮುಂಚೆಯೇ ಯಾರೋ ಬರೆದಿಟ್ಟಿದ್ದರು!

*

ಖಾಸಗಿ ಬ್ಯಾಂಕುಗಳ ಲೆಕ್ಕ ಬೇರೆ. ಅಲ್ಲಿ ದುಡ್ಡು ಕೊಟ್ಟು ನಿಮ್ಮ ಮಗುವಿನ ರಕ್ತವನ್ನು ನಿಮ್ಮ ಮಗುವಿಗೇ ಇಡುತ್ತಾರೆ. ಕೇಳಿದ ತಕ್ಷಣ ನನ್ನಂಥ ಸಾಫ್ಟ್‌ವೇರ್ ಮಂದಿಗೆ ಇಷ್ಟವಾಗುವ ವಿಚಾರ. ಬ್ಯಾಕಪ್ ಯಾರಿಗೆ ಬೇಡ? ಮೊದಲ ರಾತ್ರಿ ನಾನೂ "ಭಾವನ ಹತ್ರ ಹೇಳಿ ಮಾಡಿಸಿಬಿಡೋಣ" ಅಂತಲೇ ಅಂದುಕೊಂಡಿದ್ದೆ. ಆಮೇಲೆ ಹೊಳೆದದ್ದು, ಬಗ್ ಇರುವ ಕೋಡಿನ ಬ್ಯಾಕಪ್‌ನಲ್ಲಿ ಬಗ್ಗೂ ಇರುತ್ತದೆ. ಥಲಸ್ಸೀಮಿಯಾ ಇರುವ ಮಗುವಿನ ಹೊಕ್ಕುಳಬಳ್ಳಿ ರಕ್ತದಲ್ಲೂ ಅದೇ ಥಲಸ್ಸೀಮಿಯಾ. ಮಕ್ಕಳ ರಕ್ತದ ಕ್ಯಾನ್ಸರ್‌ನಲ್ಲೂ ಎಷ್ಟೋ ಸಲ ಮೊದಲ ಜೀನ್ ಎಡವಟ್ಟು ಗರ್ಭದಲ್ಲೇ ಆಗಿರುತ್ತದೆ ಅಂತ ಬ್ರಿಟನ್ನಿನ ಮೆಲ್ ಗ್ರೀವ್ಸ್ ತೋರಿಸಿದ್ದಾರೆ. ಅಂದರೆ ಬ್ರೋಷರಿನಲ್ಲಿ ಪಟ್ಟಿ ಮಾಡಿದ ಎಷ್ಟೋ ಕಾಯಿಲೆಗಳಿಗೆ ಮಗುವಿನ ಸ್ವಂತ ರಕ್ತ ಉಪಯೋಗಕ್ಕೇ ಬರುವುದಿಲ್ಲ. ಬೇಕಾಗುವುದು ಬೇರೆಯವರ ರಕ್ತ. ಆ ಬೇರೆಯವರ ರಕ್ತ ಸಿಗಬೇಕಾದರೆ ಯಾರೋ ದಾನ ಮಾಡಿರಬೇಕು.

ನಮ್ಮ ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ 2018ರಲ್ಲಿ ಹೇಳಿದ ಪ್ರಕಾರ, ಮೊದಲ ಇಪ್ಪತ್ತು ವರ್ಷಗಳಲ್ಲಿ ಒಬ್ಬರು ತಮ್ಮದೇ ಹೊಕ್ಕುಳಬಳ್ಳಿ ರಕ್ತ ಬಳಸುವ ಸಾಧ್ಯತೆ 2,500ರಲ್ಲಿ ಒಂದರಿಂದ 2,00,000ದಲ್ಲಿ ಒಂದು. ಐಸಿಎಂಆರ್‌ನ 2017ರ ಮಾರ್ಗಸೂಚಿ ಇನ್ನೂ ನೇರ. ಸ್ವಂತ ಬಳಕೆಗೆಂದು ಕೂಡಿಡುವುದಕ್ಕೆ ವೈಜ್ಞಾನಿಕ ಆಧಾರ ಇಲ್ಲ ಎನ್ನುತ್ತದೆ. ಯುರೋಪಿನ ನೀತಿ ಸಮಿತಿ 2004ರಲ್ಲೇ ಇಂಥ ಬ್ಯಾಂಕುಗಳ ನ್ಯಾಯಬದ್ಧತೆಯನ್ನು ಪ್ರಶ್ನಿಸಿತ್ತು. 2024ರಲ್ಲಿ ನ್ಯೂಯಾರ್ಕ್ ಟೈಮ್ಸ್ ಅಮೆರಿಕದ ಖಾಸಗಿ ಬ್ಯಾಂಕುಗಳು ತಂದೆತಾಯಿಯರನ್ನು ಹೇಗೆ ದಾರಿ ತಪ್ಪಿಸಿದವು ಅಂತ ದೊಡ್ಡ ತನಿಖಾ ವರದಿ ಮಾಡಿತು. ಒಂದು ಮಾತು ಮಾತ್ರ ಸೇರಿಸಬೇಕು. ಮನೆಯಲ್ಲಿ ಆಗಲೇ ಕಸಿ ಬೇಕಾದ ಅಣ್ಣನೋ ಅಕ್ಕನೋ ಇದ್ದರೆ ಹುಟ್ಟುವ ಮಗುವಿನ ರಕ್ತ ಇಡುವುದಕ್ಕೆ ಅರ್ಥ ಇದೆ. 1988ರ ಕಥೆಯೇ ಅದಲ್ಲವೇ?

(ಪೇಟೆಂಟ್ ಜಗಳದ ಬಗ್ಗೆ ಹೇಳ್ತೀನಿ ಅಂದಿದ್ದೆ. ಹೊಕ್ಕುಳಬಳ್ಳಿ ರಕ್ತವನ್ನು ಹೆಪ್ಪುಗಟ್ಟಿಸಿ ಇಡುವುದಕ್ಕೇ ಒಂದು ಕಂಪನಿ ಅಮೆರಿಕದಲ್ಲಿ 1991ರಲ್ಲಿ ಪೇಟೆಂಟ್ ತೆಗೆದುಕೊಂಡಿತ್ತು. ಯುರೋಪ್ 1999ರಲ್ಲಿ ತನ್ನ ಕಡೆಯ ಪೇಟೆಂಟನ್ನು ರದ್ದುಮಾಡಿತು. ಅಮೆರಿಕದಲ್ಲಿ ಅದು ಮತ್ತೊಂದು ಕಂಪನಿಯ ಕೈಗೆ ಹೋಗಿ, ಕೋರ್ಟಿನಲ್ಲಿ ವರ್ಷಗಟ್ಟಲೆ ಎಳೆದಾಡಿ, 2007ರಲ್ಲಿ ಸೋತಿತು. ಸಾಫ್ಟ್‌ವೇರ್ ಪೇಟೆಂಟ್ ನೋಡಿ ನಗುವವರು ಇದನ್ನೂ ಒಮ್ಮೆ ಓದಬೇಕು.)

*

ಬಸುರಿಯರಿಗೆ ತಿಳಿಸುವ ಕೆಲಸವನ್ನು ಸರಿಯಾಗಿ ಮಾಡಿದವರಲ್ಲಿ ನನಗೆ ತುಂಬಾ ಇಷ್ಟವಾದವರು ಒಬ್ಬ ಖಗೋಳ ವಿಜ್ಞಾನಿ. ಫ್ರಾನ್ಸಿಸ್ ವರ್ಟರ್ ಅಂತ. ಅವರ ಪುಟ್ಟ ಮಗಳು 1997ರಲ್ಲಿ ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡಳು. ಹೊಕ್ಕುಳಬಳ್ಳಿ ರಕ್ತದ ಬಗ್ಗೆ ತಂದೆತಾಯಿಯರಿಗೆ ಅರ್ಥವಾಗುವ ಹಾಗೆ ಹೇಳುವ ಒಂದು ಪುಟವನ್ನು ಅವರು 1998ರಲ್ಲಿ ಅಂತರ್ಜಾಲದಲ್ಲಿ ಶುರುಮಾಡಿದರು. ದಾನ ಎಲ್ಲಿ ಮಾಡಬಹುದು, ಖಾಸಗಿ ಬ್ಯಾಂಕು ಏನು ಕೇಳುತ್ತದೆ, ಯಾವ ಕಾಯಿಲೆಗೆ ನಿಜವಾಗಿ ಉಪಯೋಗ ಇದೆ, ಎಲ್ಲವೂ ಅಲ್ಲಿತ್ತು. ನಕ್ಷತ್ರ ನೋಡುತ್ತಿದ್ದವರು, ಮಗಳನ್ನು ಕಳೆದುಕೊಂಡವರು, ಬೇರೆಯವರ ಮಕ್ಕಳಿಗಾಗಿ ಕೂತು ಟೈಪ್ ಮಾಡಿದ್ದಾರೆ. ಹವ್ಯಾಸಕ್ಕೆ ಬ್ಲಾಗು ಬರೆಯುವ ನಾವು ಸ್ವಲ್ಪ ನಾಚಿಕೊಳ್ಳಬೇಕು.

ಸರ್ಕಾರ ಎಚ್ಚೆತ್ತದ್ದು ನಿಧಾನವಾಗಿ. ಅಮೆರಿಕದ ವೈದ್ಯಕೀಯ ಸಂಸ್ಥೆಯ ವರದಿ 2005ರಲ್ಲಿ ಬಂತು. ಅದೇ ವರ್ಷ ಡಿಸೆಂಬರ್ 20ರಂದು ಅಧ್ಯಕ್ಷ ಬುಷ್ ಒಂದು ಕಾಯಿದೆಗೆ ಸಹಿ ಹಾಕಿದರು. ಬೇರೆ ಬೇರೆ ಜನಾಂಗಗಳ 1,50,000 ಹೊಸ ಹೊಕ್ಕುಳಬಳ್ಳಿ ರಕ್ತ ಘಟಕಗಳನ್ನು ಸಂಗ್ರಹಿಸುವುದು ಗುರಿ. ಅದರ ಹಿಂದೆಮುಂದೆಯೇ ಹಲವು ರಾಜ್ಯಗಳು ಬಸುರಿಯರಿಗೆ ಮಾಹಿತಿ ಕೊಡುವ ಕಾನೂನುಗಳನ್ನು ಮಾಡಿದವು. ಕೆಲವು ಕಡೆ ವೈದ್ಯರು ಹೇಳಲೇಬೇಕು, ಕೆಲವು ಕಡೆ ಹೇಳಿದರೆ ಒಳ್ಳೆಯದು, ಕೆಲವು ಕಡೆ ಒಂದು ಕರಪತ್ರ ಕೊಟ್ಟರೆ ಸಾಕು. ಸಾರ್ವಜನಿಕ ಬ್ಯಾಂಕಿಗೆ ದಾನ ಮಾಡಬಹುದು, ದುಡ್ಡು ಕೊಟ್ಟು ಇಟ್ಟುಕೊಳ್ಳಬಹುದು, ಸಂಶೋಧನೆಗೆ ಕೊಡಬಹುದು, ಬೇಡ ಅಂತ ಬಿಡಬಹುದು. ಇಷ್ಟನ್ನೂ ಹೆರಿಗೆಗೆ ಸಾಕಷ್ಟು ಮುಂಚೆ, ಮಾರುವವನಲ್ಲದ ಒಬ್ಬರು ಹೇಳಬೇಕು ಎಂಬುದು ಒಳ್ಳೆಯ ಕಾನೂನುಗಳ ತಿರುಳು. ಕಾನೂನು ಇದ್ದ ಮಾತ್ರಕ್ಕೆ ದಾನ ಆಗುವುದಿಲ್ಲ ಬಿಡಿ. ಸಾರ್ವಜನಿಕ ಬ್ಯಾಂಕಿನ ಜೊತೆ ಒಪ್ಪಂದ ಇರುವ ಆಸ್ಪತ್ರೆಗಳು ಕೆಲವೇ. ತಿಳಿದುಕೊಂಡ ಬಸುರಿ ಕೊಡುತ್ತೀನಿ ಅಂದರೂ ತೆಗೆದುಕೊಳ್ಳುವವರು ಇರಬೇಕಲ್ಲ!

ನಮ್ಮ ದೇಶದಲ್ಲಿ ಆಗಿದ್ದು ಇದೇ, ಇನ್ನೂ ಜೋರಾಗಿ. ವರ್ಷಕ್ಕೆ ಸುಮಾರು ಎರಡು ಕೋಟಿಗೂ ಹೆಚ್ಚು ಹೆರಿಗೆಗಳು. ಥಲಸ್ಸೀಮಿಯಾದಂಥ ಕಾಯಿಲೆಗೆ ಕಸಿ ಬೇಕಾದ ಮಕ್ಕಳು ಸಾವಿರಾರು. ಕಸಿ ಮಾಡುವ ಕೌಶಲಕ್ಕೆ ಕೊರತೆ ಇಲ್ಲ, ವೆಲ್ಲೂರಿನ ಸಿಎಂಸಿಯಲ್ಲಿ ಮಮ್ಮೆನ್ ಚಾಂಡಿಯವರ ತಂಡ 1986ರಲ್ಲೇ ಥಲಸ್ಸೀಮಿಯಾಕ್ಕೆ ಮಜ್ಜೆ ಕಸಿ ಮಾಡಿತ್ತು. ಒಳಗೊಳಗೇ ಮದುವೆಯಾಗುವ ನಮ್ಮ ನೂರಾರು ಜಾತಿ, ಪಂಗಡಗಳ ಎಚ್‌ಎಲ್‌ಎ ವೈವಿಧ್ಯ ಬೇರೆ ದೇಶದ ಪಟ್ಟಿಯಲ್ಲಿ ಸಿಗುವಂಥದ್ದಲ್ಲ. ಸಾರ್ವಜನಿಕ ಬ್ಯಾಂಕು ಅತ್ಯಂತ ಉಪಯೋಗಕ್ಕೆ ಬರುತ್ತಿದ್ದ ದೇಶವೇ ನಮ್ಮದು. ಆದರೆ 2000ದ ನಂತರ ಇಲ್ಲಿ ಬೆಳೆದದ್ದು ಹೆಚ್ಚಾಗಿ ಖಾಸಗಿ ಬ್ಯಾಂಕುಗಳು. ಚೆನ್ನೈನ ಜೀವನ್ ಸಂಸ್ಥೆಯಂಥವರು ಸಾರ್ವಜನಿಕ ಬ್ಯಾಂಕಿಗೆ ಕೈಹಾಕಿದರು. ಒಂದೊಂದು ಚೀಲವನ್ನೂ ಪರೀಕ್ಷಿಸಿ, ಹೆಪ್ಪುಗಟ್ಟಿಸಿ, ವರ್ಷಗಟ್ಟಲೆ ಸಾರಜನಕ ತುಂಬಿಸುತ್ತಾ ಕಾಯುವ ಖರ್ಚು ದಾನದ ದುಡ್ಡಿನಲ್ಲಿ ಹುಟ್ಟುವಂಥದ್ದಲ್ಲ. ಸರ್ಕಾರ 2011ರ ಕೊನೆಯಲ್ಲಿ ಔಷಧ ನಿಯಮಗಳಿಗೆ ತಿದ್ದುಪಡಿ ತಂದು ಬ್ಯಾಂಕುಗಳಿಗೆ ಲೈಸೆನ್ಸ್ ಕಡ್ಡಾಯ ಮಾಡಿತು. ಫ್ರೀಜರ್ ಹೇಗಿರಬೇಕು, ಕೋಣೆ ಎಷ್ಟು ದೊಡ್ಡದಿರಬೇಕು ಅಂತೆಲ್ಲ ನಿಯಮ ಇದೆ. ಬಸುರಿಗೆ ಈ ಸಂಗತಿಯನ್ನು ಮೊದಲು ಹೇಳುವವರು ಯಾರು ಎಂಬ ಪ್ರಶ್ನೆಗೆ ನಾನು ಕಂಡ ಉತ್ತರ ಒಂದೇ. ಟೈ ಕಟ್ಟಿದ ಆ ಹುಡುಗ. ಅವನ ತಪ್ಪೂ ಅಲ್ಲ, ತಿಂಗಳಿಗಿಷ್ಟು ಅಂತ ಟಾರ್ಗೆಟ್ ಇರುತ್ತದೆ ಪಾಪ.

*

ಇನ್ನೊಂದು ವಿಷಯ ಯಾವ ಬ್ರೋಷರಿನಲ್ಲೂ ಕಾಣಲಿಲ್ಲ. ಮಗು ಹುಟ್ಟಿದ ಕೂಡಲೇ ಬಳ್ಳಿ ಕತ್ತರಿಸಿದರೆ ಕಸದಲ್ಲಿ ಹೆಚ್ಚು ರಕ್ತ ಉಳಿಯುತ್ತದೆ, ಬ್ಯಾಂಕಿಗೆ ಹೆಚ್ಚು ಸಿಗುತ್ತದೆ. ಒಂದೆರಡು ನಿಮಿಷ ಕಾದರೆ ಆ ರಕ್ತ ಎಲ್ಲಿಗೆ ಹೋಗುತ್ತದೆ? ಮಗುವಿಗೇ! ಚಾರ್ಲ್ಸ್ ಡಾರ್ವಿನ್ನರ ತಾತ ಎರಾಸ್ಮಸ್ ಡಾರ್ವಿನ್ 1801ರಲ್ಲೇ ಬಳ್ಳಿಯನ್ನು ಬೇಗ ಕಟ್ಟುವುದು ಮಗುವಿಗೆ ಕೆಡುಕು ಎಂದು ಬರೆದಿದ್ದರು. ವಿಶ್ವ ಆರೋಗ್ಯ ಸಂಸ್ಥೆ ಕನಿಷ್ಠ ಒಂದು ನಿಮಿಷವಾದರೂ ಕಾಯಿರಿ ಎನ್ನುತ್ತದೆ. ರಕ್ತ ಸಂಗ್ರಹಕ್ಕಾಗಿ ಈ ಕ್ರಮವನ್ನು ಬದಲಿಸಬಾರದು ಅಂತ ಅಮೆರಿಕದ ಸ್ತ್ರೀರೋಗ ವೈದ್ಯರ ಕಾಲೇಜೂ ಹೇಳಿದೆ. ನಮ್ಮ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ (2019-21) ಆರು ತಿಂಗಳಿಂದ ಐದು ವರ್ಷದೊಳಗಿನ ಶೇ. 67 ಮಕ್ಕಳಿಗೆ, ಶೇ. 52 ಬಸುರಿಯರಿಗೆ ರಕ್ತಹೀನತೆ. ಹೀಗಿರುವ ದೇಶದಲ್ಲಿ ಆ ಒಂದು ನಿಮಿಷದ ರಕ್ತದ ಮೊದಲ ಹಕ್ಕುದಾರ ಯಾರು ಅಂತ ತಾಯಿಗೆ ಹೇಳದೆ ಚೀಲ ಹಿಡಿದು ನಿಲ್ಲುವುದು ನನಗಂತೂ ಸರಿ ಕಾಣಲಿಲ್ಲ. ಕಾದ ಮೇಲೂ ಉಳಿದ ರಕ್ತವನ್ನು ದಾನಕ್ಕೆ ತೆಗೆಯಬಹುದು. ಎಷ್ಟೋ ಸಲ ಅದು ಕಸಿಗೆ ಸಾಲುವಷ್ಟು ಇರುವುದಿಲ್ಲ, ಅಷ್ಟೇ. ಇದು ದಾನ ಕೇಳುವವರೂ ಮುಚ್ಚಿಡಬಾರದ ಮಾತು.

ಇಷ್ಟರ ನಡುವೆ ವೈದ್ಯಶಾಸ್ತ್ರ ಕೈಕಟ್ಟಿ ಕೂತಿಲ್ಲ. ಒಂದು ಚೀಲದ ಕೋಶಗಳು ದೊಡ್ಡವರ ಮೈಗೆ ಸಾಲುವುದಿಲ್ಲ ಎನ್ನುವುದು ಮೊದಲಿಂದಲೂ ಇದ್ದ ತೊಂದರೆ. ಮಿನೆಸೋಟದವರು ಎರಡು ಮಕ್ಕಳ ರಕ್ತ ಸೇರಿಸಿ ಕೊಟ್ಟು ನೋಡಿದರು. ಅಷ್ಟರಲ್ಲಿ ಅರ್ಧ ಮಾತ್ರ ಹೊಂದುವ ಅಪ್ಪ, ಅಮ್ಮ, ಮಕ್ಕಳಿಂದಲೇ ಮಜ್ಜೆ ಕಸಿ ಮಾಡುವ ವಿಧಾನವನ್ನು ಜಾನ್ಸ್ ಹಾಪ್ಕಿನ್ಸ್‌ನವರು ಪಳಗಿಸಿದರು. ಆಮೇಲೆ ಹೊಕ್ಕುಳಬಳ್ಳಿ ರಕ್ತದ ಬಳಕೆ ಇಳಿಯುತ್ತಾ ಬಂದಿದೆ. ಮುಗಿದೇಹೋಯಿತು ಅನ್ನುವ ಹಾಗೂ ಇಲ್ಲ. 1988ರಿಂದ ಈಚೆಗೆ ಜಗತ್ತಿನಲ್ಲಿ 40,000ಕ್ಕೂ ಹೆಚ್ಚು ಕಸಿಗಳಾಗಿವೆ. ರಕ್ತದ ಕ್ಯಾನ್ಸರ್ ಜೊತೆ ಎಚ್‌ಐವಿಯೂ ಇದ್ದ ನ್ಯೂಯಾರ್ಕಿನ ಒಬ್ಬ ಮಹಿಳೆ ಹೊಕ್ಕುಳಬಳ್ಳಿ ರಕ್ತದ ಕಸಿಯ ನಂತರ ಎಚ್‌ಐವಿಯಿಂದ ಬಿಡುಗಡೆ ಹೊಂದಿದ ಸುದ್ದಿ 2022ರಲ್ಲಿ ಬಂತು. ಆ ರಕ್ತ ಎಚ್‌ಐವಿಯನ್ನು ತಡೆಯುವ ಅಪರೂಪದ ಜೀನ್ ಇದ್ದ ಯಾವುದೋ ಮಗುವಿನದು. ಆ ಮಗುವಿನ ತಾಯಿಗೆ ಯಾರೋ ಒಬ್ಬರು ವಿಷಯ ಹೇಳಿರಬೇಕು, ಅವಳು ಹೂಂ ಅಂದಿರಬೇಕು. 2023ರ ಏಪ್ರಿಲ್‌ನಲ್ಲಿ, ದಾನದ ಹೊಕ್ಕುಳಬಳ್ಳಿ ಕೋಶಗಳನ್ನು ಪ್ರಯೋಗಾಲಯದಲ್ಲಿ ಹೆಚ್ಚಿಸಿ ಮಾಡಿದ ಒಂದು ಚಿಕಿತ್ಸೆಗೆ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟಿತು.

*

ಇದನ್ನೆಲ್ಲ ಎರಡು ಹಾಳೆಗೆ ಇಳಿಸಿ ಅಕ್ಕನಿಗೆ ಕೊಟ್ಟೆ. ಓದಿದಳು. ಮುಂದಿನ ಚೆಕಪ್ಪಿನಲ್ಲಿ ಡಾಕ್ಟರಮ್ಮನ ಹತ್ತಿರ ತಾನೇ ಕೇಳಿದಳು. ಹೊರಗೆ ಅಷ್ಟು ಜನ ಕಾಯುತ್ತಿದ್ದರೂ ಅವರು ಹತ್ತು ನಿಮಿಷ ಕೂತು ಮಾತಾಡಿದರು. ದಾನ ತೆಗೆದುಕೊಳ್ಳುವ ಸಾರ್ವಜನಿಕ ಬ್ಯಾಂಕಿನ ಜೊತೆ ಆ ಆಸ್ಪತ್ರೆಗೆ ಸಂಪರ್ಕ ಇಲ್ಲವಂತೆ. "ಕೇಳಿದವರೇ ಕಡಿಮೆ ನೋಡಮ್ಮ" ಅಂದರಂತೆ. ಎಲ್ಲ ಸರಿಯಿದ್ದರೆ ಬಳ್ಳಿಯ ಮಿಡಿತ ನಿಲ್ಲುವ ತನಕ ಕಾಯೋಣ ಅಂತ ಫೈಲಿನಲ್ಲಿ ಬರೆದುಕೊಟ್ಟಿದ್ದಾರೆ.

ಭಾವ ಫೋನಿನಲ್ಲಿ ವಿಷಯ ಕೇಳಿ, "ಹೋಗಲಿ, ನಾವೇ ಕೊಡೋಣ ಬಿಡು" ಅಂದರು. ಕಾಂಡಕೋಶ ದಾನಿಗಳ ಪಟ್ಟಿ ಭಾರತದಲ್ಲೂ ಇದೆ. ಚೆನ್ನೈನ ದಾತ್ರಿ, ನಮ್ಮ ಬೆಂಗಳೂರಿನ ಡಿಕೆಎಂಎಸ್ ಇಂಥ ಕೆಲಸವನ್ನೇ ಮಾಡುತ್ತಿವೆ. ಕೆನ್ನೆಯ ಒಳಗೆ ಹತ್ತಿಕಡ್ಡಿ ಉಜ್ಜಿ ಕಳಿಸಿದರೆ ಸಾಕು, ಎಂದಾದರೂ ಯಾರಿಗಾದರೂ ಹೊಂದಿದರೆ ಕರೆಯುತ್ತಾರೆ. ಭಾವನಿಗೊಂದು, ನನಗೊಂದು ಕಿಟ್ ತರಿಸಿದ್ದೇನೆ.

ಅಮ್ಮನಿಗೆ ಇಡೀ ಕಥೆ ಹೇಳಿದೆ. ಪ್ಯಾರಿಸ್, ತಂಗಿ, ವಿಮಾನ ಎಲ್ಲವನ್ನೂ ಕೇಳಿದ ಮೇಲೆ, "ನಿನ್ನದು ಊರಲ್ಲೇ ಹಿತ್ತಲ ನುಗ್ಗೆ ಮರದ ಹತ್ರ ಹೂತಿದ್ದು ಕಣೋ" ಅಂದಳು. ಆ ಮರ ಮೊನ್ನೆ ಮೊನ್ನೆ ತನಕ ಚೆನ್ನಾಗಿ ಕಾಯಿ ಬಿಡುತ್ತಿತ್ತು. ಹೋದ ವರ್ಷದ ಗಾಳಿಮಳೆಗೆ ಬಿತ್ತು.